ಅಪ್ಪ ಒರೆಸಿದ ಮಸಿ

ಅಪ್ಪನದು ಮೊದಲು ಕೈ, ಆಮೇಲೆ ಮಾತು. ಮಾರನಹಳ್ಳಿಯಲ್ಲಿ, ಘಾಟಿ ಹತ್ತಿ ಸುಸ್ತಾದ ಲಾರಿಗಳಿಗೆ ಗ್ಯಾಸ್ ವೆಲ್ಡಿಂಗ್ ಮಾಡುತ್ತಿದ್ದ. ಬೆಸುಗೆಗೆ ಮಸಿ ಕೂತರೆ ಕೆಲಸದವರ ಕೆನ್ನೆಗೆ ಏಟು ಬೀಳುತ್ತಿತ್ತು. ಅವರು ಯಾರೂ ಸಿಗದಿದ್ದರೆ ನನ್ನ ಕೆನ್ನೆಗೆ.

ಅಂಥವನ ಮಗಳು ನಾನು, ಮಸಿ ಬೆಳೆಯುವ ಓದಿಗೇ ಹೋಗಿ ಸೇರಿದೆ. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಮಂಗಳೂರು ಕಡೆಯ ಒಂದು ಲ್ಯಾಬಿನಲ್ಲಿ ಅಂಚೆಚೀಟಿಯಷ್ಟು ಅಗಲದ ಸಿಲಿಕಾನ್ ಬಿಲ್ಲೆಯನ್ನು ಕುಲುಮೆಯಲ್ಲಿ ಕಾಯಿಸಿ, ಅಪ್ಪನ ಸಿಲಿಂಡರಿನಲ್ಲಿದ್ದ ಅಸಿಟಿಲಿನ್ ಗ್ಯಾಸನ್ನೇ ಅದರ ಮೇಲೆ ಹಾಯಿಸುತ್ತಿದ್ದೆವು. ಸರಿಯಾಗಿ ಬಂದರೆ ಕಾರ್ಬನ್ನಿನ ಕೊಳವೆಗಳು ಭತ್ತದ ಸಸಿಮಡಿಯ ಹಾಗೆ ಒತ್ತೊತ್ತಾಗಿ ನೆಟ್ಟಗೆ ಏಳುತ್ತವೆ. ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ. ಮುಂದೆ ಕಂಪ್ಯೂಟರ್ ಚಿಪ್‌ಗಳ ಒಳಗೆ ತಂತಿಯ ಕೆಲಸ ಇವೇ ಮಾಡುತ್ತವೆ ಎಂದು ನಂಬಿದ್ದೆವು. ಬರಿಗಣ್ಣಿಗೆ ಮಾತ್ರ ಅಪ್ಪಟ ಮಸಿ.

ತಿಂಗಳುಗಟ್ಟಲೆ ಸೋತ ಮೇಲೆ ಒಂದೇ ಒಂದು ಬಿಲ್ಲೆ ಚೆನ್ನಾಗಿ ಬಂತು. ಕೊಳವೆಗಳು ನಿಂತಿರುವ ಫೋಟೊವನ್ನು ಬೆಂಗಳೂರಿನ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೆಗೆಸಿ ತೋರಿಸದಿದ್ದರೆ ನನ್ನ ಫೆಲೋಶಿಪ್ ನಿಲ್ಲುತ್ತಿತ್ತು. ಹೋಗುವ ದಾರಿಯಲ್ಲಿ ಮನೆಗೆಂದು ಇಳಿದೆ. ಹೆಮ್ಮೆ ತಡೆಯಲಾರದೆ ಮನೆಗೆ ಅಂಟಿಕೊಂಡಿದ್ದ ವೆಲ್ಡಿಂಗ್ ಶೆಡ್ಡಿನಲ್ಲೇ ಡಬ್ಬಿ ತೆರೆದು ಬಿಲ್ಲೆಯನ್ನು ಅಪ್ಪನ ಕೈಗಿಟ್ಟೆ.

"ಮಸಿ ಹಿಡ್ಕೊಂಡೈತಲ್ಲವ್ವ" ಎಂದವನೇ ಹೆಬ್ಬೆರಳಿನಿಂದ ಒಂದೇ ಎಳೆತಕ್ಕೆ ನಡುವೆ ಒರೆಸಿಬಿಟ್ಟ. ಕಪ್ಪಿನ ಮಧ್ಯೆ ಸಿಲಿಕಾನ್ ಕನ್ನಡಿಯ ಹಾಗೆ ಹೊಳೆಯಿತು.

"ಥೂ, ನಿನ್ ಕೈ ಸೇದ್‌ಹೋಗ" ಎಂದೆ. ಮಾತು ಮುಗಿಯುವ ಮೊದಲೇ ಕೆನ್ನೆಗೆ ಬಿತ್ತು. ತುಟಿ ಒಡೆದು ಬಾಯಿ ತುಂಬ ರಕ್ತ. ಬೆಂಚಿನ ಮೇಲಿದ್ದ ಸ್ಪ್ಯಾನರ್ ಎತ್ತಿ ಅವನ ಮೊಣಕೈಗೆ ಬೀಸಿದೆ. ಸರಿಯಾಗೇ ತಾಗಿತು. ಸುಳ್ಳೇಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು. ಅಡುಗೆಮನೆಯಿಂದ ಓಡಿಬಂದ ಅವ್ವ, "ಹೆತ್ತಪ್ಪನ ಮ್ಯಾಲೆ ಕೈ ಮಾಡ್ತೀಯೇನೇ" ಎನ್ನುತ್ತ ಸೌದೆಯಲ್ಲಿ ನನ್ನ ಬೆನ್ನಿಗೇ ಬಾರಿಸಿದಳು.

ಬೇರೆ ಬಿಲ್ಲೆ ಇರಲಿಲ್ಲ; ಅದನ್ನೇ ಡಬ್ಬಿಗೆ ಹಾಕಿಕೊಂಡು ಊದಿದ ಮುಖದಲ್ಲೇ ಬೆಂಗಳೂರಿನ ಬಸ್ಸು ಹತ್ತಿದೆ. ಮೈಕ್ರೋಸ್ಕೋಪ್ ನೋಡಿಕೊಳ್ಳುವವರು ನನ್ನ ತುಟಿಯನ್ನು ನೋಡದ ಹಾಗೆ ಮಾಡಿ ಪರದೆಯತ್ತ ತಿರುಗಿದರು. "ಒಳ್ಳೇದಾಯ್ತು, ಕೆರೆದೇ ತಂದಿದ್ದೀರಿ. ಮೇಲಿಂದ ನೋಡಿದ್ರೆ ಬರೀ ತಲೆ ಕಾಣುತ್ತೆ. ಹೀಗೊಂದು ಅಂಚಿದ್ರೇನೇ ಎತ್ತರ ಗೊತ್ತಾಗೋದು" ಎಂದರು. ಒರೆಸಿದ ಜಾಗದ ಪಕ್ಕದಲ್ಲಿ ಕೊಳವೆಗಳು ಬುಡದಿಂದ ತುದಿಯವರೆಗೆ ನೆಟ್ಟಗೆ ನಿಂತಿದ್ದವು.

ಆ ಫೋಟೊದಿಂದ ನನ್ನ ಓದು ಉಳಿಯಿತು. ಊರಿಗೆ ಹೋದಾಗೆಲ್ಲ ಅಪ್ಪ ಮೊಣಕೈ ನೀವಿಕೊಳ್ಳುತ್ತ, "ಏನಾಯ್ತವ್ವ ಅದು?" ಎಂದು ಮೆಲ್ಲಗೆ ಕೇಳುತ್ತಿದ್ದ. ಸಾಯುವವರೆಗೂ ಕೇಳಿದ.

"ಹಾಳಾಯ್ತು, ನಿನ್ನಿಂದ್ಲೇ" ಎಂದೇ ಹೇಳಿದೆ.