ರಕ್ತ ನಿಧಾನವಾಗಲೆಂದು ಹೊತ್ತ ಹರಕೆ

ಮನುಷ್ಯನ ಮಿದುಳು ಸೃಷ್ಟಿಯ ಪರಮ ರಹಸ್ಯವೆಂದು ಬಲ್ಲವರು ಹೇಳುತ್ತಾರೆ. ನಮ್ಮ ಭಾವನ ಮಿದುಳು ಮಾತ್ರ ಇಡೀ ಐಸಿಯುಗೆ ಕೇಳುವಂತೆ ಬುಸ್‌ಬುಸ್ ಎನ್ನುತ್ತಿತ್ತು.

ಮಿದುಳಿನಲ್ಲಿ ರಕ್ತಸ್ರಾವವಾಗಿ ಅವರು ಆಸ್ಪತ್ರೆ ಸೇರಿ ಆರು ದಿನವಾಗಿತ್ತು. ಡಾಕ್ಟರಮ್ಮ ದಿನಾ ಬೆಳಿಗ್ಗೆ ಬಂದು, ನನ್ನ ಅಕ್ಕ ಗಂಡನ ಹಣೆಗೆ ಕಿವಿಯಿಂದ ಕಿವಿಗೆ ಎಳೆದಿದ್ದ ವಿಭೂತಿಯ ಅಂಚನ್ನು ಒರೆಸಿ, ಅಲ್ಲಿ ಜೆಲ್ ಬಳಿದು, ಅಲ್ಟ್ರಾಸೌಂಡ್ ಯಂತ್ರದಲ್ಲಿ ಒಳಗಿನ ರಕ್ತದ ಓಟ ಕೇಳುತ್ತಿದ್ದರು. ಅಂದು ಸದ್ದು ಎಂದಿಗಿಂತ ಜೋರಾಗಿತ್ತು. ಅಕ್ಕನ ಮುಖ ಅರಳಿತು.

“ರಕ್ತ ಎಷ್ಟು ಚೆನ್ನಾಗಿ ಓಡ್ತಿದೆ ನೋಡೋ! ನಾಳೆನೇ ಮನೆಗೆ ಕರ್ಕೊಂಡು ಹೋಗ್ಬುಡೋಣ,” ಎಂದಳು. ಭಾವನೂ ಕಾಫಿ ಕೇಳುವಷ್ಟು ಚೆನ್ನಾಗಿದ್ದರು.

“ಇಲ್ಲ ಕಣಮ್ಮ,” ಎಂದರು ಡಾಕ್ಟರಮ್ಮ. “ಪೈಪಿನ ಬಾಯಿ ಬೆರಳಲ್ಲಿ ಒತ್ತಿದ್ರೆ ನೀರು ಜೋರಾಗಿ ಚಿಮ್ಮಲ್ವಾ? ಹಂಗೆ, ರಕ್ತನಾಳ ಬಿಗೀತಿದೆ. ಹಿಂಗೇ ಬಿಟ್ರೆ ಲಕ್ವ ಹೊಡೀಬೋದು.”

ಕೂಡಲೇ ಚಿಕಿತ್ಸೆ ಬದಲಾಯಿತು. ಮದುವೆಯಾದಂದಿನಿಂದ “ನಿಮ್ದೆಲ್ಲಾ ನಿಧಾನ ಕಣ್ರೀ” ಎಂದು ಭಾವನನ್ನು ಬೈಯುತ್ತಾ ಬಂದಿದ್ದ ಅಕ್ಕ, ಅವರ ರಕ್ತ ನಿಧಾನವಾಗಲೆಂದು ನಂಜುಂಡೇಶ್ವರನಿಗೆ ಹರಕೆ ಹೊತ್ತಳು. ಮರುದಿನದಿಂದ ವಿಭೂತಿಯನ್ನು ಹಣೆಯ ನಡುವಿಗಷ್ಟೇ ಹಚ್ಚಿ, ಎರಡು ಬದಿಗಳನ್ನೂ ಡಾಕ್ಟರಮ್ಮನಿಗೆ ಬಿಟ್ಟುಕೊಟ್ಟಳು.

ಒಂದು ವಾರದಲ್ಲಿ ಸದ್ದು ತಗ್ಗಿತು. ಭಾವ ಈಗ ಕೃಷ್ಣಮೂರ್ತಿಪುರಂನ ಮನೆಯಿಂದ ದಿನಾ ತರಕಾರಿ ತರಲು ನಡೆದೇ ಹೋಗುತ್ತಾರೆ. ಬರುವುದಕ್ಕೆ ಒಂದು ಗಂಟೆ ಹಿಡಿಯುತ್ತದೆ. ನಿಧಾನವೆಂದು ಅಕ್ಕ ಈಗ ಬೈಯುವುದಿಲ್ಲ.