ಬೋಳು ಕಡ್ಡಿಯೊಳಗಿನ ಗೊಂಚಲು

ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದು ಒಂದೇ: ಎದುರಾಳಿಯ ಮಾತಿನಲ್ಲಿ ತೂತು ಹುಡುಕುವುದು. ಕತೆ ಬರೆಯಲು ಕೂತಾಗ ಎದುರಾಳಿ ಇರಲಿಲ್ಲ, ನನ್ನ ವಾಕ್ಯಗಳೇ ಸಿಕ್ಕವು. ಎರಡನೇ ಸಾಲು ಮುಗಿಯುವುದರೊಳಗೆ ಮೊದಲನೆಯದನ್ನು ಹೊಡೆದುಹಾಕುತ್ತಿದ್ದೆ. ಅಥಣಿಯ ವಾರಪತ್ರಿಕೆಯೊಂದರ ಸಂಪಾದಕರು ದೀಪಾವಳಿ ಸಂಚಿಕೆಗೆ ಕೇಳಿದ್ದ ನನ್ನ ಮೊದಲ ಕತೆ ಮೂರು ತಿಂಗಳಾದರೂ ಒಂದು ಪುಟ ದಾಟಿರಲಿಲ್ಲ. ಅವತ್ತು ಸಂಜೆ ಅವರಿಗೆ ಫೋನ್ ಮಾಡಿ, ಬರೆಯುವುದು ನನ್ನಿಂದಾಗದು ಎಂದು ಹೇಳಿಬಿಡುವವಳಿದ್ದೆ.

ಅದೇ ದಿನ ಮಧ್ಯಾಹ್ನ ಕಾಕಾ ಐನಾಪುರದ ತೋಟದಿಂದ ದ್ರಾಕ್ಷಿ ಕಡ್ಡಿ ಕತ್ತರಿಸಿಕೊಂಡು ಮೊಗ್ಗಿನ ತಪಾಸಣೆಗೆಂದು ಪ್ರಯೋಗಾಲಯಕ್ಕೆ ಹೊರಟಿದ್ದ. ನಮ್ಮ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ. ಏಪ್ರಿಲ್‌ನಲ್ಲಿ ಬಳ್ಳಿ ಸವರಿದರೆ ಬರುವುದು ಬರೀ ಎಲೆ, ಕಡ್ಡಿ. ಅದೇ ಕಡ್ಡಿಯನ್ನು ಅಕ್ಟೋಬರ್‌ನಲ್ಲಿ ಮತ್ತೆ ಸವರಿದ ಮೇಲೆಯೇ ಹಣ್ಣು. ಅವನ ಬೈಕಿನ ಹಿಂದೆ ಕೂತು ವಾದ ಶುರು ಮಾಡಿದೆ.

"ಕಾಕಾ, ಕಡೀಕ ಕತ್ತರಸೂ ಕಡ್ಡಿಗೆ ಆರ್ ತಿಂಗಳ ನೀರು, ಗೊಬ್ಬರ ಯಾಕ? ಸೀದಾ ಹಣ್ಣಿನ ಚಾಟಣೀನ ಮಾಡಬೇಕಿಲ್ಲೋ?"

"ಭಾಳ ಶಾಣ್ಯಾಕಿ ಅದಿ ನೋಡ, ವಕೀಲಬಾಯಿ! ಕಡ್ಡೀನ ಇಲ್ಲಂದ್ರ ಹಣ್ಣ ಏನ ನಿನ್ನ ನಾಲಿಗಿಗೆ ಬಿಡತೈತೇನ?"

ಪ್ರಯೋಗಾಲಯದಲ್ಲಿ ತಪಾಸಣೆಯ ಹೆಂಗಸು ಕಡ್ಡಿಯ ಒಂದು ಮೊಗ್ಗನ್ನು ಬ್ಲೇಡಿನಿಂದ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟಳು.

"ಹಣ್ಣಿಲ್ಲದ ಕಡ್ಡ್ಯಾಗ ಏನ ಕಾಣತೈತ್ರಿ?" ಎಂದೆ.

"ನೀವ ನೋಡ್ರಿ ಅಕ್ಕಾರ."

ಬಗ್ಗಿ ನೋಡಿದೆ. ಹಸಿರು ಪದರುಗಳ ನಡುವೆ, ಬರಿಗಣ್ಣಿಗೆ ಧೂಳಿನ ಕಣದಷ್ಟೂ ಕಾಣದ ಜಾಗದಲ್ಲಿ, ಗೊಂಚಲು! ಕಾಳು ಕಾಳಾಗಿ, ಒಂದು ಕಡೆ ವಾಲಿಕೊಂಡು, ಪಾರದರ್ಶಕವಾಗಿ.

"ಇದು ಯಾವಾಗ ಆತ್ರಿ?"

"ಜೂನ್ ಸುಮಾರಿಗ್ರಿ. ನೀವು ಬರೇ ಎಲಿ ಐತಿ ಅನ್ನೂ ಹೊತ್ತಿನ್ಯಾಗ."

ಆ ಜೂನ್‌ನಲ್ಲಿ ನಾನು ಆ ತೋಟದಲ್ಲೇ ಓಡಾಡಿದ್ದೆ. ತಲೆಯ ಮೇಲಿನ ಪ್ರತಿ ಕಡ್ಡಿಯಲ್ಲೂ ಇದು ನಡೆಯುತ್ತಿತ್ತು, ಸದ್ದಿಲ್ಲದೆ. ಕಾಕಾನಿಗೂ ಕಂಡಿರಲಿಲ್ಲ. ಆದರೂ ನೀರು ಬಿಟ್ಟಿದ್ದ.

"ಯಾಕಬೇ, ಬಾಯಿ ಕಟ್ಟತೇನ?" ಕಾಕಾ ನಕ್ಕ. ನಾನು ಮತ್ತೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದೆ.

ಹೋಲಿಕೆ ಪುರಾವೆಯಲ್ಲ, ಅಷ್ಟು ನನಗೂ ಗೊತ್ತು. ಬಳ್ಳಿಯ ನ್ಯಾಯ ಕತೆಗೆ ಯಾಕೆ ಅನ್ವಯಿಸಬೇಕು ಎಂದು ನೀವು ಕೇಳಬಹುದು. ಆದರೆ ನಾನು ಮೂರು ತಿಂಗಳು ಹಣ್ಣು ಕಾಣಲಿಲ್ಲವೆಂದು ಕಡ್ಡಿಯನ್ನೇ ಬೆಳೆಯಗೊಡದೆ ಕತ್ತರಿಸಿದ್ದು ಮಾತ್ರ ಸತ್ಯ. ಹೊಸದಾಗಿ ಬರೆಯುವವರಿಗೆ ಅದಕ್ಕೇ ಹೇಳುವುದು: ಕೆಟ್ಟದಾಗಿಯೇ ಬರಲಿ, ಪೂರ್ತಿ ಬರಲಿ. ಕತ್ತರಿಗೆ ಆಮೇಲೆ ಕೆಲಸ ಇದ್ದೇ ಇದೆ.

ಮನೆಗೆ ಬಂದವಳೇ ಒಂದು ಸಾಲನ್ನೂ ಹೊಡೆಯದೆ ಬರೆಯುತ್ತ ಹೋದೆ; ಸಂಜೆ ಸಂಪಾದಕರಿಗೆ ಫೋನ್ ಮಾಡಿದೆ. "ನಾಕ ಪುಟ ಆಗ್ಯಾವ್ರಿ. ಒಂದೂ ಸರಿ ಇಲ್ಲ. ಇನ್ನ ಎಂಟ ದಿನ ಕೊಡ್ರಿ."

"ಕೊಟ್ಟೆ. ಬರಿಯವಾ."

ಮೊದಲ ಸಾಲು ಇನ್ನೂ ಸುಳ್ಳಾಗಿಯೇ ಕಾಣುತ್ತಿತ್ತು. ಅದನ್ನು ಅಲ್ಲೇ ಬಿಟ್ಟು ಐದನೇ ಪುಟ ಹಿಡಿದೆ.