ಬೊಮ್ಮ ಏರಿದ ದೀಪಸ್ತಂಭ

ಅಡಿವೆಪ್ಪನವರು ಕಥೆ ಹೇಳುವ ಮನುಷ್ಯರೆಂಬುದು ನಮ್ಮ ಆಫೀಸಿನಲ್ಲಿ ನನ್ನ ಹೊರತು ಯಾರಿಗೂ ತಿಳಿದಿರಲಿಲ್ಲ. ಅಲ್ಲಿ ಅವರು ನೀರಿನ ಪಂಪುಗಳ ನಕ್ಷೆ ಬರೆಯುತ್ತಿದ್ದರು. ಅಗತ್ಯಕ್ಕಿಂತ ಒಂದು ಮಾತೂ ಹೆಚ್ಚು ಆಡುತ್ತಿರಲಿಲ್ಲ. ಸಂಜೆ ಅಮೆರಿಕದ ಕ್ಯಾಂಪ್‌ಬೆಲ್ ಊರಿನ ಅಪಾರ್ಟ್‌ಮೆಂಟಿಗೆ ಮರಳಿ ಬೂಟು ಬಿಚ್ಚಿದರೆಂದರೆ ಗದಗಿನ ಕನ್ನಡ ತಡೆಯಿಲ್ಲದೆ ಹರಿಯುತ್ತಿತ್ತು. ನಾನು ಅದೇ ಕಟ್ಟಡದ ಮೇಲಿನ ಮಹಡಿಯವನು, ಮೈಸೂರಿನವನು. ಎಷ್ಟೋ ಸಂಜೆ ಅವರ ಮನೆಯ ಸೋಫಾದ ತುದಿಯಲ್ಲಿ ಕುಳಿತು ಅವರು ಹೇಳುವ ಕಥೆಯನ್ನು ನಾನೂ ಕೇಳಿದ್ದೇನೆ.

ಕಥೆ ಒಂದೇ. ಹುಡುಗನಾಗಿದ್ದಾಗ ಗದಗಿನ ವಾಚನಾಲಯದಲ್ಲಿ ಅವರಿಗೆ ಒಂದು ಸಾಹಸ ಕಾದಂಬರಿ ಸಿಕ್ಕಿತ್ತು. ಮುಖಪುಟವಿರಲಿಲ್ಲ, ಕೊನೆಯ ಹಾಳೆಗಳೂ ಇರಲಿಲ್ಲ. ಅಲೆಕ್ಸಾಂಡ್ರಿಯಾದ ಪುರಾತನ ದೀಪಸ್ತಂಭದ ಕಥೆ ಅದು. ಕೆಳಗೆ ಚೌಕ, ನಡುವೆ ಎಂಟು ಮೂಲೆ, ತುದಿಯಲ್ಲಿ ದುಂಡು. ಒಳಗಿನ ಇಳಿಜಾರು ದಾರಿಯಲ್ಲಿ ಕತ್ತೆಗಳು ಕಟ್ಟಿಗೆ ಹೊತ್ತು ಏರುತ್ತವೆ. ಮೇಲೆ ಉರಿಯುವ ಬೆಂಕಿಯನ್ನು ಕಂಚಿನ ಕನ್ನಡಿಯೊಂದು ಕಡಲಿನ ಅಂಚಿನವರೆಗೆ ಎಸೆಯುತ್ತದೆ. ಪುಸ್ತಕದ ನಾಯಕ ಗ್ರೀಕನಂತೆ. ಅಡಿವೆಪ್ಪನವರ ನಾಲಗೆಯ ಮೇಲೆ ಅವನು ಮೆಣಸಿನ ಹಡಗಿನಲ್ಲಿ ಬಂದಿಳಿದ ಭಟ್ಕಳದ ಬೊಮ್ಮನಾಗಿದ್ದ.

ಆ ಕನ್ನಡಿ ನಿಜವಾಗಿ ಇತ್ತೆಂಬುದನ್ನು ಇತಿಹಾಸಕಾರರು ಅಷ್ಟಾಗಿ ನಂಬುವುದಿಲ್ಲವೆಂದು ನಾನೊಮ್ಮೆ ಹೇಳಿದೆ.

"ರಾಯರ, ಕನ್ನಡಿ ತಗದ್ರ ಬೊಮ್ಮ ತನ್ನ ಮಾರಿ ಎಲ್ಲಿ ನೋಡ್ಕೋಬೇಕ್ರಿ?" ಎಂದರು.

ಕಥೆ ಕೇಳುವವಳು ಅವರ ಮಗಳು ಕಾಶಿ. ಅಜ್ಜಿ ಕಾಶವ್ವನ ಹೆಸರು, ವಯಸ್ಸು ಹತ್ತು. ಅಪ್ಪ ಕನ್ನಡದಲ್ಲಿ ಹೇಳಬೇಕು, ಮಗಳು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಬೇಕು; ಅದು ಆ ಮನೆಯ ಪದ್ಧತಿ. ಅವಳಿಗೆ ಕನ್ನಡ ಅಕ್ಷರ ಕಲಿಸುವ ಮಾತು ಪ್ರತಿ ಬೇಸಿಗೆ ರಜೆಯಲ್ಲೂ ಏಳುತ್ತಿತ್ತು. ಒಂದು ಬೇಸಿಗೆ ಈಜಿಗೆ ಹೋಯಿತು, ಇನ್ನೊಂದು ಪಿಯಾನೋಗೆ.

ಕಥೆ ಬಹಳ ದಿನಗಳಿಂದ ಒಂದೇ ಕಡೆ ನಿಂತಿತ್ತು. ಶತ್ರುಗಳು ದೀಪಸ್ತಂಭದ ಕೆಳಗಿನ ಅಂತಸ್ತನ್ನು ಹಿಡಿದಿದ್ದಾರೆ. ಕಟ್ಟಿಗೆ ಮೇಲೆ ಬರುತ್ತಿಲ್ಲ. ತುದಿಯಲ್ಲಿ ಬೊಮ್ಮನೊಬ್ಬನೇ, ಬೆಂಕಿ ಕುಗ್ಗುತ್ತಿದೆ, ಹೊರಗೆ ಬಂಡೆಗಳಾಚೆ ಅವನ ತಮ್ಮನ ಹಡಗು ದಾರಿ ಹುಡುಕುತ್ತಿದೆ. ಪುಸ್ತಕದ ಹಾಳೆಗಳು ಮುಗಿದದ್ದು ಅಲ್ಲಿಗೇ. ಮುಂದೇನೆಂಬುದು ಅಡಿವೆಪ್ಪನವರಿಗೂ ಗೊತ್ತಿರಲಿಲ್ಲ. ಅದನ್ನು ಅವರು ನನಗೆ ಮಾತ್ರ ಹೇಳಿದ್ದರು.

ಸಾವಿರದ ಒಂಬೈನೂರ ಎಂಬತ್ತಾರರ ಬೇಸಿಗೆಯಲ್ಲಿ ಅವರ ದನಿ ಒಡೆಯಿತು. ಶೀತವೆಂದುಕೊಂಡೆವು. ಅಕ್ಟೋಬರಿನಲ್ಲಿ ವೈದ್ಯರು ಕ್ಯಾನ್ಸರ್ ಎಂದರು; ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇನ್ನು ಮುಂದೆ ಉಸಿರು ಕತ್ತಿನಲ್ಲಿ ಕೊರೆದ ರಂಧ್ರದಿಂದ ಎಂದರು. ಗಾಯ ಮಾಗಿದ ಮೇಲೆ ಕತ್ತಿಗೆ ಒತ್ತಿ ಹಿಡಿಯುವ ಒಂದು ಯಂತ್ರ ಕೊಡಬಹುದಂತೆ. ಆದರೆ ಅದು ಝೇಂಕರಿಸುತ್ತದೆ; ಆ ದನಿ ಯಾರದೂ ಅಲ್ಲ.

"ಬಾಯಿ ಮುಚ್ಚಿ ಕೂಡ್ರಿ ಅಂತ ಲಗ್ನ ಆದಾಗಿಂದ ಅಂತಿದ್ಲು," ಎಂದು ಅಡಿವೆಪ್ಪನವರು ಹೆಂಡತಿಯ ಕಡೆ ಗೋಣು ಹಾಕಿದರು. "ಯಾವ ದೇವ್ರಿಗೆ ಹರಕಿ ಹೊತ್ತಿದ್ದೀ, ಶರಣವ್ವಾ?"

"ಹಂಗ ಅನಬ್ಯಾಡ್ರೀ," ಎಂದ ಶರಣವ್ವ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟರು. ಅದು ಬಹಳ ಹೊತ್ತು ಸುರಿಯುತ್ತಲೇ ಇತ್ತು.

ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ ನನ್ನ ಕ್ಯಾಸೆಟ್ ರೆಕಾರ್ಡರನ್ನು ಕೆಳಗೆ ಒಯ್ದೆ. ಕಥೆ ಮುಗಿಸಿಬಿಡಬೇಕು, ದನಿಯೂ ಉಳಿಯಬೇಕು ಎಂಬುದು ಅವರ ಆಸೆ. ಗಂಟಲು ಸರಿಮಾಡಿಕೊಂಡು, "ಬೊಮ್ಮ ಸುತ್ತೂ ಕಡೆ ನೋಡಿದ. ಒಂದು ಚಕ್ಕಿ ಕಟ್ಟಿಗೀನೂ ಉಳಿದಿರಲಿಲ್ಲ..." ಎಂದರು. ಕೆಮ್ಮು ಬಂತು. ಮತ್ತೆ ಬಾಯಿ ತೆರೆದರು. ಬಂದದ್ದು ಗಾಳಿ.

ಕಾಶಿ ಕೈಚಾಚಿ ಗುಂಡಿ ಒತ್ತಿ ಟೇಪು ನಿಲ್ಲಿಸಿದಳು.

"ನೋ, ಅಪ್ಪಾ. ಡೋಂಟ್ ಫಿನಿಶ್ ಇಟ್."

"ಯಾಕವ್ವಾ?"

ಅವಳು ಕ್ಯಾಸೆಟ್ಟನ್ನು ಹೊರತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡಳು. ಕಥೆ ಮುಗಿದರೆ ಅಪ್ಪನೂ ಮುಗಿದಂತೆ ಎಂದು ಅವಳು ಲೆಕ್ಕ ಹಾಕಿದ್ದಿರಬೇಕು. ಅಡಿವೆಪ್ಪನವರು ಅವಳ ತಲೆಯ ಮೇಲೆ ಕೈಯಿಟ್ಟರು. ಅದೇ ಅವರ ದನಿಯ ಕೊನೆಯ ಸಂಜೆಯಾಯಿತು.

ಶಸ್ತ್ರಕ್ರಿಯೆಯ ನಂತರ ಮಕ್ಕಳನ್ನು ಒಳಗೆ ಬಿಟ್ಟ ಮೊದಲ ದಿನ ಶರಣವ್ವನನ್ನೂ ಕಾಶಿಯನ್ನೂ ನಾನೇ ಕಾರಿನಲ್ಲಿ ಕರೆದೊಯ್ದೆ. ಮೂಗಿಗೆ ನಳಿಕೆ, ಕತ್ತಿಗೆ ಬಟ್ಟೆ. ಮುಖ ಅರ್ಧಕ್ಕೆ ಇಳಿದಿತ್ತು. ಮಗಳನ್ನು ಕಂಡೊಡನೆ ಮಡಿಲಲ್ಲಿದ್ದ ಕಾಗದದ ಹಲಗೆಯನ್ನು ಎತ್ತಿ ಆತುರದಿಂದ ಬರೆದು ಅವಳ ಕೈಗೆ ಕೊಟ್ಟರು. ಕಥೆಯ ಅಂತ್ಯ ಹೊಳೆದಿತ್ತು. ಬರೆದದ್ದು ಕನ್ನಡದಲ್ಲಿ.

ಕಾಶಿ ಆ ಕಾಗದವನ್ನು ನೋಡುತ್ತ ನಿಂತಳು. ತಾವು ಮಾಡಿದ್ದು ಏನೆಂಬುದು ಅಡಿವೆಪ್ಪನವರಿಗೆ ಆಗ ತಿಳಿಯಿತು. ಕಳೆದುಹೋದ ಬೇಸಿಗೆಗಳೆಲ್ಲ ಆ ಕೋಣೆಯಲ್ಲಿ ಒಮ್ಮೆಗೇ ಬಂದು ನಿಂತಂತಿತ್ತು.

ಅವಳು ಕಾಗದವನ್ನು ನನಗೆ ಕೊಟ್ಟಳು. ನಾನು ಓದಲು ತೊಡಗಿದೆ. ಒಂದು ಸಾಲು ಮುಗಿಯುವುದರೊಳಗೆ, "ಸ್ಟಾಪ್, ಅಂಕಲ್. ಬೊಮ್ಮ ಹೀಗೆ ಮಾತಾಡಲ್ಲ," ಎಂದು ಇಂಗ್ಲಿಷಿನಲ್ಲಿ ತಡೆದಳು. ನನ್ನ ಮೈಸೂರು ನಾಲಗೆಗೆ ಇದಕ್ಕಿಂತ ನ್ಯಾಯವಾದ ವಿಮರ್ಶೆ ಸಿಕ್ಕಿಲ್ಲ.

ಅಡಿವೆಪ್ಪನವರು ಕಾಗದ ಕಸಿದುಕೊಂಡು ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಬರೆದರು. ಕಾಶಿ ಓದಿದಳು, "ಓಕೆ," ಎಂದಳು, ಮಡಿಚಿಟ್ಟಳು. ಅಂಗಡಿಯ ಚೀಟಿಯನ್ನು ಮಡಿಚುವ ಹಾಗೆ.

ಅವರು ಪೆನ್ಸಿಲನ್ನು ಗೋಡೆಗೆ ಎಸೆದರು. ಕಣ್ಣು ತುಂಬಿ ಬಂತು, ಅಳುವಿಗೂ ದನಿಯಿರಲಿಲ್ಲ. ಶರಣವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಸ್ವಲ್ಪ ಹೊತ್ತಿನ ಮೇಲೆ ಅಡಿವೆಪ್ಪನವರು ಮಗಳ ಗದ್ದ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡು ತುಟಿಗಳನ್ನಷ್ಟೇ ಆಡಿಸಿದರು. ಅವಳು ಹುಬ್ಬು ಗಂಟಿಕ್ಕಿ ನೋಡಿದಳು. ಮತ್ತೆ ಆಡಿಸಿದರು.

"ಬೊಮ್ಮ..." ಎಂದಳು ಕಾಶಿ.

ಅವರು ತಲೆದೂಗಿದರು. ತುಟಿಗಳು ಮುಂದುವರಿದವು.

"ಬೊಮ್ಮ... ಬಾಗಲಾ ಕಿತ್ತಿದಾ?"

ಮತ್ತೆ ತಲೆದೂಗಿದರು.

"ಬೆಂಕ್ಯಾಗ ಹಾಕಿದಾ? ಮತ್ತ?"

ಅವಳ ಬಾಯಲ್ಲಿ ಇಷ್ಟು ಕನ್ನಡವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಉಚ್ಚಾರ ಅಮೆರಿಕದ್ದು, ಮಾತು ಗದಗಿನದು. ಹೀಗೆ ಒಂದೊಂದೇ ಮಾತನ್ನು ತುಟಿಯಿಂದ ಬಿಡಿಸಿ, ತಪ್ಪಿದಾಗ ತಿದ್ದಿಸಿಕೊಂಡು, ಬೊಮ್ಮ ಬಾಗಿಲನ್ನು ಸುಟ್ಟ, ಪೀಠವನ್ನು ಸುಟ್ಟ. ಕಡೆಗೆ ತುದಿಯಿಂದ ಇಳಿಜಾರು ದಾರಿಗೆ ತಾನು ಇಳಿಯಬೇಕಾಗಿದ್ದ ಮರದ ಏಣಿಯನ್ನೂ ಕಡಿದು ಬೆಂಕಿಗೆ ಹಾಕಿದ. ತಮ್ಮನ ಹಡಗು ಬಂಡೆ ದಾಟಿತು.

"ಮತ್ತ ಬೊಮ್ಮ ಹೆಂಗ ಇಳೀತಾನ, ಅಪ್ಪಾ?"

ಅಡಿವೆಪ್ಪನವರಿಗೆ ಅದು ಹೊಳೆದಿರಲಿಲ್ಲ. ಅಷ್ಟರಲ್ಲಿ ಕತ್ತಿನ ರಂಧ್ರ ಶುದ್ಧಮಾಡಲು ನರ್ಸ್ ಬಂದು ನಮ್ಮನ್ನು ಹೊರಗೆ ಕಳಿಸಿದಳು.

ಮರಳುವಾಗ ಫ್ರೀವೇಯಲ್ಲಿ ನಮ್ಮ ಎಕ್ಸಿಟ್ ಹತ್ತಿರವಾದಾಗ ಹಿಂದಿನ ಸೀಟಿನಿಂದ ಕಾಶಿ, ತಾಯಿಯ ಕಡೆ ತಿರುಗದೆ, ಕಿಟಕಿಯ ಗಾಜಿಗೆ ಹೇಳಿದಳು:

"ಅವಗ ಇಳ್ಯಾಕ ಬರಂಗಿಲ್ಲ. ತಮ್ಮನೇ ಮ್ಯಾಲೆ ಹತ್ತಿ ಬರಬೇಕು."

ಆಮೇಲೆ, "ನಾಳೆ ಅಪ್ಪಗ ಹೇಳತೀನಿ," ಎಂದಳು.